ಸಿಯಾಚಿನ್: ಗೆರೆ ನಿಂತ ಜಾಗ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿ ಪ್ರದೇಶದಲ್ಲಿ, 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೇ ದಿನ ಉಸಿರಿದ್ದಂತೆಯೇ ಸಿಕ್ಕಿ, 11ರಂದು ತೀರಿಕೊಂಡ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಎಲ್ಲರಿಗೂ ನೆನಪಿದ್ದಾರೆ. ಆ ಹತ್ತು ಮಂದಿಯಲ್ಲಿ ನಮ್ಮ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ್ ಕೂಡ ಇದ್ದರು. ಕಬಿನಿ ಸೀಮೆಯವರು ಅಲ್ಲಿ ಕಾವಲು ನಿಲ್ಲಬೇಕಾಗಿ ಬಂದದ್ದೇಕೆ? ಭಾರತ, ಪಾಕಿಸ್ತಾನಗಳ ಹಗೆ ಎಂದರೆ ಅರ್ಧ ಉತ್ತರ. ಹಿಮವನ್ನು ಯಾರಿಗೂ ಬೇಡದ ಜಾಗವೆಂದು ನಕ್ಷೆ ಬರೆದವರು ಸಸಾರ ಮಾಡಿದ್ದು ಉಳಿದರ್ಧ.

ಆ ನಕ್ಷೆಯ ಕಥೆ ಶುರುವಾಗುವುದು ನಮ್ಮ ಕಡೆಯೇ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್, ಮರುವರ್ಷ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುವ ಈ ಮೋಜಣಿ 1856ಕ್ಕೆ ಸಿಯಾಚಿನ್ ಇರುವ ಕಾರಕೋರಂ ಪರ್ವತಸಾಲು ಮುಟ್ಟಿತು. ಮೋಜಣಿಯ ಅಧಿಕಾರಿ ಮಾಂಟ್ಗೊಮರಿ ದೂರದಿಂದಲೇ ಕೆ-2 ಶಿಖರ ಗುರುತಿಸಿದ. ಆದರೆ ಈ ವಿಧಾನಕ್ಕೆ ನೆತ್ತಿ ಕಾಣುತ್ತದೆ, ತಗ್ಗು ಕಾಣದು. ಬೆಟ್ಟದಪುರದ ಬೆಟ್ಟ ಹತ್ತಿದವರು ಸುತ್ತಲ ಗುಡ್ಡಗಳನ್ನು ಎಣಿಸಬಹುದು. ಲಕ್ಷ್ಮಣತೀರ್ಥ ನದಿ ಎಲ್ಲೆಲ್ಲಿ ತಿರುಗುತ್ತದೆಂದು ತಿಳಿಯಲು ಇಳಿದು ನಡೆಯಬೇಕು. 1848ರಲ್ಲೇ ಅನ್ವೇಷಕ ಹೆನ್ರಿ ಸ್ಟ್ರೇಚಿ ಸಿಯಾಚಿನ್‌ನ ಬುಡ ಕಂಡಿದ್ದ. ಅದರ ನಿಜವಾದ ಹರವು ಹೊಳೆಯಲು 1909ರಲ್ಲಿ ಪರ್ವತಾರೋಹಿ ಲಾಂಗ್‌ಸ್ಟಾಫ್ ಸಾಲ್ಟೊರೊ ಬೆಟ್ಟಸಾಲು ದಾಟಬೇಕಾಯಿತು. 1912ರಲ್ಲಿ ಅನ್ವೇಷಕಿ ಫ್ಯಾನಿ ಬುಲಕ್ ವರ್ಕ್‌ಮನ್ ತಂಡ ಮೇಲಿನವರೆಗೂ ಹೋಗಿ ನಕ್ಷೆ ಮಾಡಿತು. ಇಂದಿನ ಲೆಕ್ಕಕ್ಕೆ ಹಿಮನದಿಯ ಉದ್ದ ಸುಮಾರು 76 ಕಿ.ಮೀ.: ಮೈಸೂರಿನಿಂದ ಹುಣಸೂರು ಹಾದು ಪಿರಿಯಾಪಟ್ಟಣಕ್ಕೆ ಹೋಗುವ ದಾರಿಗಿಂತ ಹೆಚ್ಚು, ಅಷ್ಟೂ ಮಂಜುಗಡ್ಡೆ. ಅಲ್ಲಿನ ಬಾಲ್ಟಿ ಜನಕ್ಕೆ ಇದು ಮೊದಲೇ ಗೊತ್ತಿರಲಿಲ್ಲವೆ ಎಂದರೆ, ಗೊತ್ತಿತ್ತು. ಸಿಯಾಚಿನ್ ಎಂಬುದೇ ಅವರ ಮಾತು, ಗುಲಾಬಿಗಳ ತಾಣ ಎಂದು ಅರ್ಥ. ಆದರೆ ಸರ್ಕಾರಗಳು ಸಹಿ ಹಾಕುವುದು ಕಾಗದಕ್ಕೆ.

ಹಾಗಾದರೆ 1949ರ ಹೊತ್ತಿಗೆ ಎಲ್ಲ ಅಳೆದಾಗಿತ್ತಲ್ಲ, ಅಜ್ಞಾನವೆಲ್ಲಿ ಬಂತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಳತೆ ಇತ್ತು, ಲಕ್ಷ್ಯ ಇರಲಿಲ್ಲ. ಆ ವರ್ಷದ ಕರಾಚಿ ಒಪ್ಪಂದ ಎನ್‌ಜೆ 9842 ಎಂಬ ಬಿಂದುವಿಗೆ ಎರಡೂ ದೇಶಗಳ ನಡುವಿನ ಕದನವಿರಾಮದ ಗೆರೆ ನಿಲ್ಲಿಸಿ, ಮುಂದೆ ಉತ್ತರಕ್ಕೆ ಹಿಮನದಿಗಳತ್ತ ಎಂದಷ್ಟೇ ಹೇಳಿತು. ಅಲ್ಲಿ ಹೋಗಿ ಯಾರು ನಿಂತಾರು ಎಂಬ ಧೈರ್ಯ! 1972ರಲ್ಲಿ ನಿಯಂತ್ರಣ ರೇಖೆ ಗುರುತಿಸಿದಾಗಲೂ ಗೆರೆ ಅಲ್ಲೇ ನಿಂತಿತು. ಗೆರೆಯಿಲ್ಲದ ಆ ಜಾಗದಲ್ಲಿ 1978ರಲ್ಲಿ ನಮ್ಮ ಸೇನೆಯ ಕರ್ನಲ್ ನರೇಂದ್ರ ಕುಮಾರ್ ತಂಡ ಹಿಮನದಿ ಏರಿತು. 1984ರ ಏಪ್ರಿಲ್ 13ರಂದು ನಮ್ಮ ಸೇನೆ ಸಾಲ್ಟೊರೊ ನೆತ್ತಿಯಲ್ಲಿ ನೆಲೆಯೂರಿತು. 2003ರ ನವೆಂಬರಿನಲ್ಲಿ ಅಲ್ಲಿ ಕದನವಿರಾಮ ಜಾರಿಗೆ ಬಂತು. 2016ರ ಆ ಹತ್ತು ಜನರನ್ನು ಕೊಂದದ್ದು ಗುಂಡಲ್ಲ, ಹಿಮ. ಎನ್‌ಜೆ 9842ರಿಂದಾಚೆ ಇಬ್ಬರೂ ಒಪ್ಪಿದ ಗೆರೆ ಇಂದಿಗೂ ಇಲ್ಲ.