ಕನಸು ಕಂಡವರು, ಕಡತ ತೆರೆದವರು

ತಿರುವನಂತಪುರದ ಪಕ್ಕದಲ್ಲಿ ತುಂಬಾ ಎಂಬ ಊರಿದೆ. 1960ರ ದಶಕದಲ್ಲಿ ಅಲ್ಲಿನ ಮೇರಿ ಮ್ಯಾಗ್ಡಲೀನಳ ಚರ್ಚೇ ನಮ್ಮ ರಾಕೆಟ್ ಕೇಂದ್ರದ ಕಚೇರಿ. ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಬರುತ್ತಿದ್ದವು! ಭೂಕಾಂತೀಯ ಸಮಭಾಜಕ ರೇಖೆ ಹತ್ತಿರದಲ್ಲೇ ಹಾದುಹೋಗುತ್ತದೆಂದು ಭಾರತದ ಬಾಹ್ಯಾಕಾಶ ಯೋಜನೆಯ ಮುಂದಾಳು ವಿಕ್ರಮ್ ಸಾರಾಭಾಯಿ ಆ ಬೆಸ್ತರ ಹಳ್ಳಿಯನ್ನು ಆರಿಸಿದರು. ಬಿಷಪ್ ಪೆರೇರಾ ಅವರ ಮನವೊಲಿಸಿದರು, ಅವರ ಮೂಲಕ ಊರವರೂ ಒಪ್ಪಿದರು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಅದೂ ಅಮೆರಿಕದಿಂದ ತಂದದ್ದು. ಇಲ್ಲದ್ದನ್ನು ಇದೆಯೆಂದೇ ನಂಬಿಸಿ ಹುಡುಗರನ್ನು ದುಡಿಸುವುದಿದೆಯಲ್ಲ, ಅದು ನಾಯಕತ್ವ.

1971ರ ಡಿಸೆಂಬರ್ 30ರಂದು ಸಾರಾಭಾಯಿ ಕೋವಳಂನಲ್ಲಿ ತೀರಿಕೊಂಡರು. ವಯಸ್ಸು ಬರೀ 52. ಹುರುಪು ತುಂಬಿದ ತಂಡಗಳು ಉಳಿದವು; ಅವನ್ನು ಒಂದು ನೂಲಿಗೆ ಪೋಣಿಸುವವರು ಬೇಕಿತ್ತು. ಮರುವರ್ಷ ಬಾಹ್ಯಾಕಾಶ ಸಂಸ್ಥೆ ಇಸ್ರೋದ ಮುಖ್ಯಸ್ಥರಾಗಿ ಬಂದವರು ಸತೀಶ್ ಧವನ್. ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ ಎಂದು ಷರತ್ತು ಹಾಕಿಯೇ ಬಂದರು. ತುಂಬಾದ ಚದುರಿದ ಘಟಕಗಳು ಒಂದಾಗಿ ಸಾರಾಭಾಯಿ ಹೆಸರಿನ ಕೇಂದ್ರವಾದವು. ಅದರ ಚುಕ್ಕಾಣಿ ಹಿಡಿದ ಬ್ರಹ್ಮ ಪ್ರಕಾಶ್ ರಾಕೆಟ್ಟಿನವರಲ್ಲ, ಲೋಹಶಾಸ್ತ್ರಜ್ಞರು. ಯಾರ ಕೆಲಸ ಯಾವುದು, ಎಂದಿಗೆ ಮುಗಿಯಬೇಕು, ತಪ್ಪಿದರೆ ಕೇಳುವವರಾರು? ಈ ನೀರಸ ಪ್ರಶ್ನೆಗಳೇ ನಿರ್ವಹಣೆ. ನೀರಸ ಎಂದೆ, ಆದರೆ ಇವಿಲ್ಲದೆ ಕನಸು ಸಮುದ್ರಕ್ಕೆ ಬೀಳುತ್ತದೆ.

ಇದ್ದರೂ ಬೀಳುವುದುಂಟು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಉಪಗ್ರಹ ಉಡಾವಣಾ ರಾಕೆಟ್ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿ ಸೇರಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಸೋಲಿನ ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಅದೇ ಧವನ್ ಹಿಂದೆ ಸರಿದು, 'ನೀವು ಮಾತಾಡಿ' ಎಂದು ಕಲಾಂ ಅವರನ್ನು ಮುಂದೆ ಬಿಟ್ಟರು. ಕಡತ ನೋಡುವವರೊಳಗೂ ಒಬ್ಬ ನಾಯಕ ಇರಬೇಕಾಗುತ್ತದೆ, ನೋಡಿ.

ನಾಯಕತ್ವ, ನಿರ್ವಹಣೆ ಇವೆರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪ. ರಾಕೆಟ್ಟಿನಾಚೆ ಒಂದು ಉದಾಹರಣೆ ನೋಡಿ: ಕೊಚ್ಚಿಯ ನೆಡುಂಬಾಶ್ಶೇರಿಯಲ್ಲಿ ಐಎಎಸ್ ಅಧಿಕಾರಿ ವಿ. ಜೆ. ಕುರಿಯನ್ ಅಂಥವರು. ಹೊರದೇಶದ ಮಲಯಾಳಿಗಳಿಂದಲೂ ಹಣ ಕೂಡಿಸಿ ವಿಮಾನ ನಿಲ್ದಾಣ ಕಟ್ಟುವ ಯೋಚನೆಯೂ ಅವರದೇ, ಅದನ್ನು ನಡೆಸಿದ ಕೈಯೂ ಅವರದೇ. 1999ರಲ್ಲಿ ಅದು ತೆರೆಯಿತು.

ತಿರುವನಂತಪುರದ ಕಡೆ ಹೋದಾಗ ತುಂಬಾದ ಚರ್ಚನ್ನು ತಪ್ಪದೆ ನೋಡಿ ಬನ್ನಿ. ಈಗ ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ.