ತೋಟ ಹಾಕುವ ಮುನ್ನ ಮಣ್ಣನ್ನು ಅರಿಯಿರಿ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ರಾಗಿ, ಜೋಳ ಬಿತ್ತುವಾಗ ಭೂಮಿಯ ಆಯ್ಕೆಯಲ್ಲಿ ತಪ್ಪಿದರೆ ಒಂದು ಹಂಗಾಮಿನ ನಷ್ಟ. ಮುಂದಿನ ವರ್ಷ ಬೆಳೆ ಬದಲಿಸಬಹುದು. ಹಣ್ಣಿನ ತೋಟದ ಮಾತು ಹಾಗಲ್ಲ. ಮಾವು, ಸಪೋಟ ಒಮ್ಮೆ ನೆಟ್ಟರೆ 30-40 ವರ್ಷ ಅಲ್ಲಿಯೇ ನಿಲ್ಲಬೇಕು. ಆದ್ದರಿಂದ ಸಸಿ ಕೊಳ್ಳುವ ಮೊದಲು ಮಣ್ಣನ್ನು ತಿಳಿಯಬೇಕು.

ಮೇಲ್ಮಣ್ಣಿನ ಬಣ್ಣ ನೋಡಿ ಭೂಮಿ ಚೆನ್ನಾಗಿದೆ ಎಂದು ನಿರ್ಧರಿಸುವವರು ಬಹಳ. ಮರದ ಬೇರಾದರೋ ಆಳಕ್ಕೆ ಇಳಿಯುತ್ತದೆ. ಬಯಲುಸೀಮೆಯ ಕಪ್ಪು ಭೂಮಿಯಲ್ಲಿ ಕೆಲವೆಡೆ ಮೇಲ್ಮಣ್ಣಿನ ಕೆಳಗೆ ಸುಣ್ಣದ ಹರಳಿನ ಪದರವಿರುತ್ತದೆ. ಅಲ್ಲಿ ನಿಂಬೆ ನೆಟ್ಟರೆ ಮೊದಮೊದಲು ಹಸಿರಾಗಿಯೇ ಬೆಳೆಯಬಹುದು. ಬೇರು ಸುಣ್ಣವನ್ನು ಮುಟ್ಟಿದ ಮೇಲೆ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಬೇರಿಗೆ ದೊರೆಯದು. ಎಲೆಗೆ ಸಿಂಪಡಿಸಿದರೆ ತಾತ್ಕಾಲಿಕ ಶಮನವಷ್ಟೆ. ಮಕ್ಕಳಂತೆ ಸಾಕಿದ ಗಿಡವನ್ನು ಫಲ ಬಿಡುವ ಹೊತ್ತಿಗೆ ಕೀಳುವ ಪಾಡು ಯಾರಿಗೂ ಬೇಡ.

ಇದಕ್ಕೆ ಉಪಾಯ ಸುಲಭ. ಜಮೀನಿನ ಎರಡು ಮೂರು ಕಡೆ 5 ಅಡಿ ಆಳದ ಗುಂಡಿ ತೆಗೆಯಿರಿ. ಬಂಡೆ, ಗಟ್ಟಿ ಪದರ, ಬಿಳಿ ಹರಳು ಎಷ್ಟು ಆಳದಲ್ಲಿವೆ ಎಂದು ನೋಡಿರಿ. ಹರಳನ್ನು ಪುಡಿ ಮಾಡಿ ವಿನಿಗರ್ ಹಾಕಿದಾಗ ನೊರೆ ಬಂದರೆ ಅದು ಸುಣ್ಣವೇ. ಗುಂಡಿಯ ಬದಿಯಿಂದ ಅಡಿಗೊಂದರಂತೆ, ಅರ್ಧ ಕಿಲೋ ಮಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಆಳವನ್ನು ಬರೆದು ಮಣ್ಣು ಪರೀಕ್ಷಾಲಯಕ್ಕೆ ಕೊಡಿ. ರಸಸಾರ, ಲವಣ, ಸುಣ್ಣದ ಅಂಶ ಮೂರನ್ನೂ ಕೇಳಿರಿ. ಬದುವಿನ ಪಕ್ಕ, ತಿಪ್ಪೆಯ ಹತ್ತಿರ ಮಾದರಿ ತೆಗೆಯಬೇಡಿ.

ಆಮೇಲೆ ಗುಂಡಿಯ ತಳದಲ್ಲಿ ಒಂದು ಅಡಿ ಆಳದ ಕುಳಿ ತೋಡಿ ನೀರು ತುಂಬಿರಿ. ಇಂಗಿದ ಬಳಿಕ ಮತ್ತೊಮ್ಮೆ ತುಂಬಿರಿ. ಮಾರನೆಯ ದಿನವೂ ನೀರು ನಿಂತಿದ್ದರೆ ಅಲ್ಲಿ ಬಸಿಯುವಿಕೆ ಸಾಲದು. ಅಂಥ ಕಡೆ ಪರಂಗಿಯ ಬೇರು ಬೇಗ ಕೊಳೆಯುತ್ತದೆ.

ದೋಷ ಕಂಡಿತೆಂದು ಭೂಮಿಯನ್ನು ಬೀಳು ಬಿಡಬೇಕಾಗಿಲ್ಲ. ತೆಳು ಮಣ್ಣಿಗೆ ಸೀತಾಫಲ, ಬೋರೆ ಹೊಂದುತ್ತವೆ. ಸ್ವಲ್ಪ ಲವಣವಿದ್ದರೆ ಸಪೋಟ ತಾಳಿಕೊಳ್ಳುತ್ತದೆ. ಹುಳಿ ಮಣ್ಣಿಗೆ ಪರೀಕ್ಷೆಯ ಸಲಹೆಯಂತೆ ಸುಣ್ಣ ಹಾಕಿ ಸರಿಪಡಿಸಬಹುದು.

ಗುಂಡಿ ತೆಗೆಯಲು ಒಂದೆರಡು ಆಳಿನ ಕೂಲಿ ಹೋದೀತು. ಅದನ್ನು ಉಳಿಸಲು ಹೋಗಿ ಹತ್ತು ವರ್ಷದ ದುಡಿಮೆಯನ್ನು ಕಳೆದುಕೊಳ್ಳಬೇಡಿ.