ಒಂದೇ ದೋಣಿಯವರು



ನಮ್ಮ ಮೈಸೂರಿಗೆ ಕಡಲಿಲ್ಲ. ಆದರೂ ಹಾಯಿಹಡಗುಗಳ ಕಥೆಯ ಒಂದು ಪ್ರಸಿದ್ಧ ಸಿನಿಮಾದ ಪುಟ್ಟ ನಾಯಕ ನಮ್ಮ ಜಿಲ್ಲೆಯವನು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದ ಸಾಬು, ಮಹಾರಾಜರ ಆನೆಗಳ ಮಾವುತನ ಮಗ. 1937ರ ‘ಎಲಿಫೆಂಟ್ ಬಾಯ್’ ಅವನನ್ನು ಲೋಕಕ್ಕೆ ಪರಿಚಯಿಸಿತು. ನಾನು ಹೇಳಹೊರಟಿರುವುದು 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಬಗ್ಗೆ.

ಅದರಲ್ಲಿ ಸಾಬು ನಾವಿಕನಾಗಬೇಕೆಂಬ ಆಸೆಯ ಕಳ್ಳ ಹುಡುಗ ಅಬು. ಆಡಳಿತವನ್ನೆಲ್ಲ ಮಂತ್ರಿಗೆ ಬಿಟ್ಟು ರಾಜ್ಯ ಕಳೆದುಕೊಂಡ ದೊರೆ ಅಹ್ಮದ್ ಸೆರೆಮನೆಯಲ್ಲಿ ಅವನಿಗೆ ಜೊತೆಯಾಗುತ್ತಾನೆ. ಆ ಮಂತ್ರಿಯ ಹಡಗನ್ನು ಇಬ್ಬರೂ ಸಣ್ಣ ದೋಣಿಯಲ್ಲಿ ಬೆನ್ನಟ್ಟುತ್ತಾರೆ. ಬಿರುಗಾಳಿಗೆ ದೊರೆ ಯಾರು, ಕಳ್ಳ ಯಾರು? ದೋಣಿ ಒಡೆದು ಅಗಲಿದರೂ ಅಬು ಗೆಳೆಯನನ್ನು ಮರೆಯುವುದಿಲ್ಲ. ಕೊನೆಗೆ ದೊರೆಯ ತಲೆ ಉಳಿಸುವವನು ಆ ಹುಡುಗನೇ.

ತೆರೆಯ ಹೊರಗೂ ಸಾಬು ಕರ್ತವ್ಯ ಮರೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ದುಡಿದು ಪದಕ ಪಡೆದ. ಹಡಗಾಗಲಿ ವಿಮಾನವಾಗಲಿ, ಒಬ್ಬ ಮೈಮರೆತರೆ ಎಲ್ಲರಿಗೂ ಅಪಾಯ.

ಸಿನಿಮಾದ ಕೊನೆಯಲ್ಲಿ ದೊರೆ, ಅಬುವನ್ನು ಶಾಲೆಗೆ ಸೇರಿಸುತ್ತೇನೆ ಎನ್ನುತ್ತಾನೆ. ಹುಡುಗ ಹಾರುವ ಚಾಪೆ ಹತ್ತಿ ಪರಾರಿ! ಹತ್ತನೇ ತರಗತಿ ಮುಗಿದ ದಿನ ನಾವೂ ಹಾಗೆ ಹಾರಿದವರೇ. ಆದರೆ ನಮ್ಮನ್ನು ದಡ ಸೇರಿಸಿದ್ದು ಇದೇ ದೋಣಿ. ಇದರಲ್ಲಿ ಇಂದು ಕೂತಿರುವ ಮಕ್ಕಳಿಗಾಗಿ ಹುಟ್ಟು ಹಾಕುವ ಸರದಿ ನಮ್ಮದು. ಪ್ರತಿ ಶನಿವಾರ ಮಧ್ಯಾಹ್ನ ಗಣಿತ ಹೇಳಿಕೊಡಲು ನಾನು ಬರುತ್ತೇನೆ. ಜೊತೆಗೆ ಯಾರು ಬರುತ್ತೀರಿ?



(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)